ಒಂದಡಿ ಕೇಬಲ್, ಒಂದೂವರೆ ನ್ಯಾನೊಸೆಕೆಂಡ್: ಕ್ವಾಂಟಮ್ ಕಂಪ್ಯೂಟರಿನ ತಾಳ ತಪ್ಪುವುದು ಎಲ್ಲಿ?

ನನ್ನ ಬೆಂಚಿನ ಪಕ್ಕದ ಮೊಳೆಯಲ್ಲಿ ಒಂದು ಹಳೇ ಕೇಬಲ್ ನೇತಾಡುತ್ತಿದೆ. ಕೆಂಪು ಇನ್ಸುಲೇಷನ್ ಟೇಪ್ ಸುತ್ತಿ, ಮೇಲೆ ಪೆನ್ನಿನಲ್ಲಿ ‘ಇದು ಉದ್ದ’ ಅಂತ ಬರೆದಿದ್ದೇನೆ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಬೋರ್ಡ್ ಟೆಸ್ಟಿಂಗ್ ಕೆಲಸ ಮಾಡುತ್ತಿದ್ದಾಗ ಅದು ನನ್ನ ಅರ್ಧ ದಿನ ತಿಂದಿತ್ತು. ಎರಡು ಬೋರ್ಡಿಗೆ ಒಂದೇ ಕಡೆಯಿಂದ ಕ್ಲಾಕ್ (ಬೋರ್ಡಿಗೆ ತಾಳ ಹಾಕುವ ಸಿಗ್ನಲ್) ಕೊಟ್ಟು, ಎರಡರ ಔಟ್‌ಪುಟ್ಟನ್ನೂ ಸಿಗ್ನಲ್ಲನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನಲ್ಲಿ ನೋಡುತ್ತಿದ್ದೆ. ಎರಡು ಗೆರೆಯೂ ಒಂದರ ಮೇಲೊಂದು ಕೂರಬೇಕು. ಕೂರುತ್ತಿಲ್ಲ. ನಡುವೆ ಒಂದೂವರೆ ನ್ಯಾನೊಸೆಕೆಂಡ್ ಸಂದು. ಬೋರ್ಡ್ ಬದಲಾಯಿಸಿದೆ, ಪ್ರೋಗ್ರಾಮ್ ಮತ್ತೆ ಹಾಕಿದೆ, ಸ್ಕೋಪನ್ನೂ ಬೈದೆ. ಕೊನೆಗೆ ಟೀ ಕುಡಿದು ಬಂದ ಟ್ರೈನಿ ಹುಡುಗ ಎರಡೂ ಕೇಬಲ್ ಬಿಚ್ಚಿ ಪಕ್ಕಪಕ್ಕ ಹಿಡಿದ. ಒಂದು ಇನ್ನೊಂದಕ್ಕಿಂತ ಒಂದಡಿ ಉದ್ದ ಇತ್ತು.

ಲೆಕ್ಕ ಸುಲಭ. ನ್ಯಾನೊಸೆಕೆಂಡ್ ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಅಷ್ಟರಲ್ಲಿ ಬೆಳಕು ಗಾಳಿಯಲ್ಲಿ 30 ಸೆಂಟಿಮೀಟರ್ ಹೋಗುತ್ತದೆ. ಸಾಮಾನ್ಯ ಕೋಆಕ್ಸ್ ಕೇಬಲ್ಲಿನೊಳಗೆ ಸಿಗ್ನಲ್ ಇನ್ನೂ ನಿಧಾನ, ಸುಮಾರು 20 ಸೆಂಟಿಮೀಟರ್. ಒಂದಡಿಗೆ ಒಂದೂವರೆ ನ್ಯಾನೊಸೆಕೆಂಡ್. ಸ್ಕೋಪ್ ಸರಿಯಾಗಿಯೇ ಹೇಳುತ್ತಿತ್ತು.

ಆಗ ನಾವು ಮಾಡುತ್ತಿದ್ದದ್ದು ಸಾದಾ ಡೇಟಾ ಬೋರ್ಡು. ಒಂದೂವರೆ ನ್ಯಾನೊಸೆಕೆಂಡ್ ಹೆಚ್ಚುಕಮ್ಮಿ ಆಗಿದ್ದರೆ ಆಕಾಶವೇನೂ ಕಳಚಿ ಬೀಳುತ್ತಿರಲಿಲ್ಲ. ಕ್ವಾಂಟಮ್ ಕಂಪ್ಯೂಟರಿನಲ್ಲಿ ಮಾತ್ರ ಅಷ್ಟು ಹೊತ್ತಿಗೆ ಕ್ಯೂಬಿಟ್ಟಿನ (ಮಾಮೂಲಿ ಕಂಪ್ಯೂಟರಿಗೆ ಬಿಟ್ ಇದ್ದ ಹಾಗೆ ಇದಕ್ಕೆ ಕ್ಯೂಬಿಟ್) ಅಲೆ ಏಳೂವರೆ ಸುತ್ತು ಹಾಕಿ ಮುಗಿಸಿರುತ್ತದೆ.

ಈ ಮಾತು ಈಗ ಯಾಕೆ ಬಂತೆಂದರೆ, ನಮ್ಮಲ್ಲಿ ಕ್ವಾಂಟಮ್ ಸುದ್ದಿ ಜೋರಾಗಿದೆ. ಕೇಂದ್ರ ಸಚಿವ ಸಂಪುಟ 2023ರ ಏಪ್ರಿಲ್ 19ರಂದು 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿಗೆ ಒಪ್ಪಿಗೆ ಕೊಟ್ಟಿತು. ಎಂಟು ವರ್ಷದಲ್ಲಿ 50ರಿಂದ 1000 ಕ್ಯೂಬಿಟ್ಟಿನ ಯಂತ್ರ ಕಟ್ಟಬೇಕು ಅನ್ನುವುದು ಅದರ ಗುರಿ. 2024ರ ಆಗಸ್ಟಿನಲ್ಲಿ ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್ ಮತ್ತು ಡಿಆರ್‌ಡಿಒದ ಪುಣೆ ಲ್ಯಾಬ್ ಸೇರಿ 6 ಕ್ಯೂಬಿಟ್ಟಿನ ಪ್ರೊಸೆಸರ್ ಪರೀಕ್ಷೆ ಮುಗಿಸಿದವು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಕ್ಯುಪಿಎಐ ಕಂಪನಿ 25 ಕ್ಯೂಬಿಟ್ಟಿನದನ್ನು ತೋರಿಸಿತು. ಅದೇ ವರ್ಷ ಮುಖ್ಯಮಂತ್ರಿ ಸಿದ್ದರಾಮಯ್ಯ ರಾಜ್ಯದ ಕ್ವಾಂಟಮ್ ಮಿಷನ್ನಿಗೆ 1,000 ಕೋಟಿ ರೂಪಾಯಿ ಎಂದು ಘೋಷಿಸಿದರು. ಹೆಸರಘಟ್ಟದಲ್ಲಿ ಕ್ವಾಂಟಮ್ ಸಿಟಿಯ ಮಾತೂ ಇದೆ.

ಪ್ರತಿ ಸುದ್ದಿಯಲ್ಲೂ ಒಂದು ಅಂಕಿ ಇರುತ್ತದೆ ನೋಡಿ: ಎಷ್ಟು ಕ್ಯೂಬಿಟ್? ಮದುವೆ ಮನೆಯಲ್ಲಿ ಎಷ್ಟು ಎಲೆ ಬಿತ್ತು ಅಂತ ಕೇಳಿದ ಹಾಗೆ. ಪಂಕ್ತಿಯಲ್ಲಿ ಕೂತು ಉಂಡವರಿಗೆ ಗೊತ್ತು, ಎಲೆ ಎಷ್ಟಿದ್ದರೇನು, ಅನ್ನ ಬಂದು ಸಾರು ಬರದಿದ್ದರೆ ಊಟ ಅಲ್ಲೇ ಕೆಟ್ಟಿತು. ಕ್ಯೂಬಿಟ್ ಲೆಕ್ಕ ಹೇಳುವವರು ಬಡಿಸುವವರ ಬಗ್ಗೆ ಮಾತಾಡುವುದಿಲ್ಲ. ಆ ಬಡಿಸುವವರೇ ಕಂಟ್ರೋಲ್ ಎಲೆಕ್ಟ್ರಾನಿಕ್ಸ್, ಅಂದರೆ ಕ್ಯೂಬಿಟ್ ಇಟ್ಟಿರುವ ಫ್ರಿಜ್ಜಿನ ಹೊರಗೆ ರ‍್ಯಾಕಿನಲ್ಲಿ ಕೂತ ಬೋರ್ಡುಗಳು. ಅವೆಲ್ಲ ಒಂದೇ ಹೊತ್ತಿಗೆ ಕೈ ಆಡಿಸುವಂತೆ ಮಾಡುವುದೇ ಕಷ್ಟದ ಕೆಲಸ. ಆ ಕೆಲಸಕ್ಕೆ ಕ್ವಾಂಟಮ್ ಭೌತಶಾಸ್ತ್ರಕ್ಕಿಂತ ಬೋರ್ಡ್ ಕಟ್ಟುವವರ ಕಸುಬೇ ಜಾಸ್ತಿ ಬೇಕು ಎನ್ನುವುದು ನನ್ನ ವಾದ.

ಒಂದು ಸೆಂಟಿಮೀಟರಿಗೆ ದಿಕ್ಕೇ ಬೇರೆ

ಸೂಪರ್‌ಕಂಡಕ್ಟಿಂಗ್ ಕ್ಯೂಬಿಟ್ ಅಂದರೆ ಚಿಪ್ಪಿನ ಮೇಲೆ ಬರೆದ ಪುಟ್ಟ ಸರ್ಕ್ಯೂಟು. ಅದನ್ನು ಡೈಲ್ಯೂಷನ್ ಫ್ರಿಜ್ಜಿನ ತಳದಲ್ಲಿ, ಸೊನ್ನೆ ಕೆಲ್ವಿನ್‌ಗಿಂತ ಒಂದು ಡಿಗ್ರಿಯ ನೂರರಲ್ಲಿ ಒಂದೆರಡು ಪಾಲು ಮೇಲೆ, ಇಡುತ್ತಾರೆ. ಅಲ್ಲಿ ಅದಕ್ಕೆ ತನ್ನದೇ ಒಂದು ಲಯ ಇರುತ್ತದೆ, ಸಾಮಾನ್ಯವಾಗಿ 4ರಿಂದ 6 ಗಿಗಾಹರ್ಟ್ಜ್. 5 ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 500 ಕೋಟಿ ಸುತ್ತು. ಒಂದು ಸುತ್ತಿಗೆ 200 ಪಿಕೊಸೆಕೆಂಡ್. ನ್ಯಾನೊಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ಪಿಕೊಸೆಕೆಂಡ್.

ಕ್ಯೂಬಿಟ್ಟಿಗೆ ಏನಾದರೂ ಹೇಳಬೇಕಾದರೆ ಅದರದೇ ಲಯದ ಮೈಕ್ರೋವೇವ್ ಪಲ್ಸ್ ಕಳಿಸಬೇಕು. ಪಲ್ಸಿನ ಉದ್ದ ಇಪ್ಪತ್ತೋ ಐವತ್ತೋ ನ್ಯಾನೊಸೆಕೆಂಡ್. ಪಲ್ಸಿನ ಹೊರಮೈ ನಿಧಾನವಾಗಿ ಏರಿ ಇಳಿಯುವ ಗುಡ್ಡದ ಹಾಗಿರುತ್ತದೆ. ಒಳಗೆ 5 ಗಿಗಾಹರ್ಟ್ಜಿನ ಅಲೆ ಕುಣಿಯುತ್ತಿರುತ್ತದೆ. ಹೊರಮೈ ಒಂದು ನ್ಯಾನೊಸೆಕೆಂಡಿನ ಆಸುಪಾಸಿನಲ್ಲಿ ಕೂತರೆ ಎಷ್ಟೋ ಸಲ ನಡೆಯುತ್ತದೆ. ಒಳಗಿನ ಅಲೆಗೆ ಆ ಸಡಿಲ ಇಲ್ಲ. ಅಲೆ ಯಾವ ಹಂತದಲ್ಲಿದೆ ಅನ್ನುವುದೇ ಕ್ಯೂಬಿಟ್ ಯಾವ ಅಕ್ಷದ ಸುತ್ತ ತಿರುಗಬೇಕು ಅಂತ ಹೇಳುವುದು. ಅಲೆ ಕಾಲು ಸುತ್ತು ಜರುಗಿತು ಅನ್ನಿ, ಅಂದರೆ 50 ಪಿಕೊಸೆಕೆಂಡ್. ಎಕ್ಸ್ ಅಕ್ಷದ ಸುತ್ತ ತಿರುಗು ಅಂದದ್ದು ವೈ ಅಕ್ಷದ ಸುತ್ತ ತಿರುಗು ಅಂತ ಆಗುತ್ತದೆ. ಕ್ಯೂಬಿಟ್ಟಿಗೆ ಸಿಟ್ಟೂ ಇಲ್ಲ, ಅನುಮಾನವೂ ಇಲ್ಲ. ಹೇಳಿದ ಹಾಗೆ ತಿರುಗುತ್ತದೆ. 50 ಪಿಕೊಸೆಕೆಂಡ್ ಅಂದರೆ ಕೇಬಲ್ಲಿನಲ್ಲಿ ಒಂದು ಸೆಂಟಿಮೀಟರ್.

ಹಾಗಾದರೆ ಸ್ಕೇಲ್ ಹಿಡಿದು ಕೇಬಲ್ ಕತ್ತರಿಸುತ್ತಾ ಕೂರಬೇಕಾ? ಬೇಡ. ಇಲ್ಲಿ ತುಂಬ ಜನ ಎಡವುತ್ತಾರೆ, ನಾನೂ ಎಡವಿದ್ದೆ.

ಅಕ್ಕನ ಮನೆ ಮಳವಳ್ಳಿ ಕಡೆ. ವಿ.ಸಿ. ನಾಲೆಯ ಕೊನೆ ಭಾಗ. ಕನ್ನಂಬಾಡಿಯಲ್ಲಿ ನೀರು ಬಿಟ್ಟರೆ ಅವರ ಗದ್ದೆಗೆ ತಲುಪುವಷ್ಟರಲ್ಲಿ ದಿನಗಳೇ ಆಗುತ್ತವೆ. ಒಮ್ಮೆ ನಾನು ಪೇಪರ್ ನೋಡಿ, ‘ಭಾವ, ನೀರು ಬಿಟ್ರಂತೆ’ ಅಂದೆ. ‘ಬಿಟ್ಟವ್ರೆ ಅಂತ ಪೇಪರ್ನಾಗೆ ಬಂದ್ರೆ ನಂಗೇನ್ಲಾ ಬಂತು? ನಮ್ ತೂಬಿಗೆ ಯಾವತ್ ಬತ್ತದೆ ಅದ್ನ ಹೇಳು. ಮೂರ್ ದಿನ ಅಂದ್ರೆ ಮೂರ್ ದಿನುಕ್ಕೆ ಸರಿಯಾಗ್ ಒಟ್ಲು ಹಾಕ್ಕತೀನಿ. ಒಂದ್ ಕಿತ ಮೂರು, ಒಂದ್ ಕಿತ ಆರು ಅಂದ್ರೆ ಏನ್ ಮಾಡದು?’ ಅಂದರು.

ಭಾವ ಎಲೆಕ್ಟ್ರಾನಿಕ್ಸ್ ಓದಿದವರಲ್ಲ. ಆದರೆ ಸಿಂಕ್ರೊನೈಸೇಷನ್ನಿನ, ಅಂದರೆ ಎಲ್ಲವನ್ನೂ ಒಂದೇ ಹೊತ್ತಿಗೆ ಹೊಂದಿಸುವುದರ, ತಿರುಳು ಅದೇ. ತಡ ಆಗುವುದು ತೊಂದರೆ ಅಲ್ಲ. ತಡ ಪ್ರತಿ ಸಲವೂ ಒಂದೇ ಅಳತೆಯಲ್ಲಿದ್ದರೆ ಅದನ್ನು ಒಮ್ಮೆ ಅಳೆದು, ಸಾಫ್ಟ್‌ವೇರಿನಲ್ಲಿ ಕಳೆದುಬಿಡಬಹುದು. ಒಂದು ಕೇಬಲ್ ಒಂದಡಿ ಉದ್ದವಾ? ಇನ್ನೊಂದು ಚಾನೆಲ್ಲನ್ನು ಒಂದೂವರೆ ನ್ಯಾನೊಸೆಕೆಂಡ್ ಕಾಯಿಸಿದರಾಯಿತು. ಹೀಗೆ ಕೂತಲ್ಲೇ ಕೂತ ವ್ಯತ್ಯಾಸಕ್ಕೆ ಸ್ಕ್ಯೂ ಅನ್ನುತ್ತಾರೆ. ಪಾಪದ ಪ್ರಾಣಿ ಅದು. ತೊಂದರೆ ಕೊಡುವವು ಬೇರೆ ಎರಡು. ಪ್ರತಿ ಪಲ್ಸಿಗೂ ಆಚೀಚೆ ನಡುಗುವುದು ಜಿಟ್ಟರ್. ಬೆಳಿಗ್ಗೆಯಿಂದ ಸಂಜೆಗೆ ಮೆಲ್ಲಗೆ ಜಾರುವುದು ಡ್ರಿಫ್ಟ್.

ಜಿಟ್ಟರಿನ ಲೆಕ್ಕ ಕ್ರೂರ. 5 ಗಿಗಾಹರ್ಟ್ಜಿನಲ್ಲಿ 1 ಪಿಕೊಸೆಕೆಂಡ್ ಅಂದರೆ 1.8 ಡಿಗ್ರಿ. ಕ್ಯೂಬಿಟ್ಟಿನ ತಪ್ಪು ಆ ಕೋನದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. ಜಿಟ್ಟರ್ ಹತ್ತು ಪಟ್ಟಾದರೆ ತಪ್ಪು ನೂರು ಪಟ್ಟು. ಅಲೆ 1 ಪಿಕೊಸೆಕೆಂಡ್ ನಡುಗಿದರೆ ತಪ್ಪು ಸಾವಿರಕ್ಕೆ ಒಂದಕ್ಕಿಂತ ಕಮ್ಮಿ. 10 ನಡುಗಿದರೆ ನೂರಕ್ಕೆ ಕೆಲವು. ಈಗ ಎಲ್ಲರೂ ನೆಚ್ಚಿಕೊಂಡಿರುವ ಸರ್ಫೇಸ್ ಕೋಡ್ ಅನ್ನುವ ದೋಷ ತಿದ್ದುವ ವಿಧಾನಕ್ಕೆ ತಪ್ಪು ನೂರಕ್ಕೆ ಸುಮಾರು ಒಂದಕ್ಕಿಂತ ಕೆಳಗಿರಬೇಕು. ಅದಕ್ಕಿಂತ ಮೇಲೆ ಹೋದರೆ ಕ್ಯೂಬಿಟ್ ಸೇರಿಸಿದಷ್ಟೂ ಯಂತ್ರ ಕೆಡುತ್ತದೆ. ಅಂದರೆ ಗಡಿಯಾರವೊಂದೇ ಹಾಳಾಗಿದ್ದರೂ ಸಾಕು, 1000 ಕ್ಯೂಬಿಟ್ ಇಟ್ಟುಕೊಂಡು ಏನೂ ಮಾಡಲು ಆಗುವುದಿಲ್ಲ.

ಡ್ರಿಫ್ಟಿನದು ಇನ್ನೊಂದು ಕಥೆ. ನಾನ್‌ಸ್ಟಿಕ್ ತವಾಕ್ಕೆ ಬಳಿಯುವ, ಪ್ಲಂಬರ್ ನಲ್ಲಿಗೆ ಸುತ್ತುವ ಟೆಫ್ಲಾನ್ ಇದೆಯಲ್ಲ, ಒಳ್ಳೇ ಕೋಆಕ್ಸ್ ಕೇಬಲ್ಲಿನೊಳಗೂ ಇರುವುದು ಅದೇ. ಸುಮಾರು 19 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅದರ ಒಳರಚನೆ ಬದಲಾಗುತ್ತದೆ. ಆ ಉಷ್ಣತೆ ದಾಟುವಾಗ ಕೇಬಲ್ಲಿನ ವಿದ್ಯುತ್ ಉದ್ದ ಥಟ್ಟನೆ ಜಿಗಿಯುತ್ತದೆ. ಕೈಯಲ್ಲಿ ಅಳೆದರೆ ಅಷ್ಟೇ ಉದ್ದ, ಸಿಗ್ನಲ್ಲಿಗೆ ಬೇರೆ ಉದ್ದ. ಎಂಥ ಜಾಗ ಹುಡುಕಿಕೊಂಡಿದೆ ನೋಡಿ, ಸರಿಯಾಗಿ ಎಸಿ ರೂಮಿನ ಉಷ್ಣತೆ! ಎರಡು ಮೀಟರ್ ಕೇಬಲ್ ದಾಟಲು ಸಿಗ್ನಲ್ಲಿಗೆ 10 ನ್ಯಾನೊಸೆಕೆಂಡ್ ಬೇಕು. ಅದರಲ್ಲಿ ಹತ್ತು ಸಾವಿರಕ್ಕೆ ಒಂದು ಪಾಲು ಬದಲಾದರೂ 1 ಪಿಕೊಸೆಕೆಂಡ್ ಹೋಯಿತು. ಡಿಸೆಂಬರಿನ ಮೈಸೂರಿನ ಬೆಳಗಿನ ಚಳಿಯಲ್ಲಿ ಹೊಂದಿಸಿಟ್ಟ ರ‍್ಯಾಕು ಮಧ್ಯಾಹ್ನದ ಬಿಸಿಲಿಗೆ ಬೇರೆ ರ‍್ಯಾಕೇ ಆಗಿರುತ್ತದೆ. ಅದಕ್ಕೇ ಇಂಥ ಲ್ಯಾಬುಗಳಲ್ಲಿ ಕೂತವರಿಗೆ ಎಷ್ಟು ತಂಪು ಅನ್ನುವುದಕ್ಕಿಂತ ತಂಪು ಬದಲಾಗದೇ ಇರುವುದು ಮುಖ್ಯ.

ಕಾಲ ಒಂದೇ, ಸಮ ಬೇರೆ

ಸರಿ, ಎಲ್ಲ ಪೆಟ್ಟಿಗೆಗೂ ಒಂದೇ ಗಡಿಯಾರ ಕೊಟ್ಟುಬಿಟ್ಟರೆ ಮುಗಿಯಿತಲ್ವಾ? ಕಾಲೇಜು ಹುಡುಗರು ಮೊದಲು ಕೇಳುವುದು ಇದನ್ನೇ. ಲ್ಯಾಬುಗಳಲ್ಲಿ ರೂಢಿಯೂ ಅದೇ: ರುಬಿಡಿಯಂ ಗಡಿಯಾರದಿಂದಲೋ ಒಳ್ಳೇ ಕ್ರಿಸ್ಟಲ್ಲಿನಿಂದಲೋ 10 ಮೆಗಾಹರ್ಟ್ಜ್ ತೆಗೆದು ಎಲ್ಲರಿಗೂ ಹಂಚುವುದು.

ಮುಗಿಯುವುದಿಲ್ಲ. 10 ಮೆಗಾಹರ್ಟ್ಜ್ ಅಂದರೆ 100 ನ್ಯಾನೊಸೆಕೆಂಡಿಗೆ ಒಂದು ತಟ್ಟು. ಅದನ್ನು ಕೇಳಿಕೊಂಡು ಪ್ರತಿ ಬೋರ್ಡೂ ತನ್ನೊಳಗೆ 1 ಗಿಗಾಹರ್ಟ್ಜ್ ಮಾಡಿಕೊಳ್ಳುತ್ತದೆ, ಅದನ್ನು ನಾಲ್ಕರಿಂದ ಭಾಗಿಸಿ 250 ಮೆಗಾಹರ್ಟ್ಜಿನಲ್ಲಿ ಲೆಕ್ಕದ ಚಿಪ್ಪನ್ನು ಓಡಿಸುತ್ತದೆ. ಭಾಗಿಸುವುದು ಅಂದರೆ ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸುವುದು. ಎಣಿಕೆ ಎಲ್ಲಿಂದ ಶುರು? ಪವರ್ ಆನ್ ಆದಾಗ ಚಿಪ್ ಯಾವ ತಟ್ಟಿನಲ್ಲಿ ಕಣ್ಣು ಬಿಟ್ಟಿತೋ ಅಲ್ಲಿಂದ.

ಸಂಗೀತ ಗೊತ್ತಿರುವವರಿಗೆ ಇದು ಬೇಗ ಅರ್ಥವಾಗುತ್ತದೆ. ನಾಲ್ಕು ಜನ ಒಂದೇ ಕಾಲಪ್ರಮಾಣದಲ್ಲಿ ತಾಳ ಹಾಕುತ್ತಿದ್ದಾರೆ. ವೇಗದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ಆದರೆ ಒಬ್ಬನ ಸಮ, ಅಂದರೆ ಆವರ್ತದ ಮೊದಲ ತಟ್ಟು, ಇನ್ನೊಬ್ಬನ ಮೂರನೇ ತಟ್ಟು. ಯಾರೂ ತಪ್ಪು ಹಾಕುತ್ತಿಲ್ಲ, ಕಛೇರಿ ಮಾತ್ರ ಕೆಟ್ಟಿದೆ. ಬೋರ್ಡುಗಳಲ್ಲಿ ಇದು ಇನ್ನೂ ಕೆಟ್ಟದಾಗಿ ಕಾಡುತ್ತದೆ. ಇವತ್ತು ಸಂಜೆ ಎಲ್ಲ ಅಳೆದು ಸರಿಮಾಡಿ ಮನೆಗೆ ಹೋಗುತ್ತೀರಿ. ರಾತ್ರಿ ಕರೆಂಟ್ ಹೋಗಿ ಬರುತ್ತದೆ. ಬೆಳಿಗ್ಗೆ ಎರಡನೇ ಬೋರ್ಡಿನ ಸಮ 2 ನ್ಯಾನೊಸೆಕೆಂಡ್ ಆಚೆ ಕೂತಿರುತ್ತದೆ. ಭಾವ ಹೇಳಿದ ಹಾಗೆ, ಒಂದ್ ಕಿತ ಮೂರು, ಒಂದ್ ಕಿತ ಆರು.

ಇದಕ್ಕೆ ದಾರಿ ಏನೆಂದರೆ, ಗಡಿಯಾರದ ಜೊತೆಗೆ ‘ಇದೋ, ಇದೇ ಸಮ’ ಅಂತ ಹೇಳುವ ಇನ್ನೊಂದು ಸಿಗ್ನಲ್ ಕಳಿಸುವುದು. 2011ರಲ್ಲಿ ಬಂದ ಜೆಇಎಸ್‌ಡಿ 204ಬಿ ಅನ್ನುವ ಮಾನಕದಲ್ಲಿ ಅದಕ್ಕೆ ಸಿಸ್‌ರೆಫ್ ಅನ್ನುತ್ತಾರೆ. ಆ ತಟ್ಟು ಕೇಳಿದ ಕೂಡಲೇ ಎಲ್ಲ ಭಾಜಕಗಳೂ ಎಣಿಕೆಯನ್ನು ಸೊನ್ನೆಗೆ ತರುತ್ತವೆ. ಟೆಲಿಕಾಂ ಮತ್ತು ರಾಡಾರ್ ಬೋರ್ಡುಗಳಲ್ಲಿ ಇದು ಹಳೇ ವಿದ್ಯೆ. ಲೆಕ್ಕವನ್ನೂ ರೇಡಿಯೊ ಸಿಗ್ನಲ್ಲನ್ನೂ ಒಂದರಲ್ಲೇ ನೋಡಿಕೊಳ್ಳುವ ಈಗಿನ ದೊಡ್ಡ ಆರ್‌ಎಫ್‌ಎಸ್‌ಒಸಿ ಚಿಪ್ಪುಗಳಲ್ಲಂತೂ ಒಂದೇ ಚಿಪ್ಪಿನೊಳಗಿನ ಡಿಎಸಿ (ಅಂಕಿಯನ್ನು ಸಿಗ್ನಲ್ ಮಾಡುವ ಭಾಗ) ಗುಂಪುಗಳನ್ನು ಜೋಡಿಸುವುದಕ್ಕೂ ಇದೇ ಬೇಕು.

ಆದರೆ ಆ ತಟ್ಟು ಸರಿಯಾದ ಹೊತ್ತಿಗೆ ತಲುಪಬೇಕು. ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ‘ರೈಟ್’ ಅಂದ ಕ್ಷಣಕ್ಕೇ ಒಬ್ಬ ಓಡಿ ಬಂದ ಅನ್ನಿ. ಕೆಲವು ದಿನ ಬಸ್ ಸಿಗುತ್ತದೆ, ಕೆಲವು ದಿನ ಮುಂದಿನ ಬಸ್ಸೇ ಗತಿ. ಒಮ್ಮೊಮ್ಮೆ ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ. ಈ ಕೊನೆಯ ಸ್ಥಿತಿಗೆ ಮೆಟಾಸ್ಟೆಬಿಲಿಟಿ ಅನ್ನುತ್ತಾರೆ. ಸಿಗ್ನಲ್ ಗಡಿಯಾರದ ಅಂಚಿನ ತೀರಾ ಹತ್ತಿರ ಬಂದರೆ ಚಿಪ್ಪು ಅದನ್ನು ಈ ತಟ್ಟಿಗೆ ಸೇರಿಸಬೇಕೋ ಮುಂದಿನದಕ್ಕೋ ಅಂತ ತೊಳಲಾಡುತ್ತದೆ. ಹೊರಗಿನಿಂದ ಬರುವ ಟ್ರಿಗ್ಗರ್ (‘ಈಗ ಶುರು ಮಾಡು’ ಅನ್ನುವ ಸಿಗ್ನಲ್) ಗಡಿಯಾರಕ್ಕೆ ಹೊಂದಿಕೊಂಡಿರದಿದ್ದರೆ 250 ಮೆಗಾಹರ್ಟ್ಜಿನ ಚಿಪ್ಪಿನಲ್ಲಿ ಒಂದು ಪೂರ್ತಿ ತಟ್ಟು, ಅಂದರೆ 4 ನ್ಯಾನೊಸೆಕೆಂಡ್, ಆಚೀಚೆ ಆಗುತ್ತದೆ. ಎರಡು ಕ್ಯೂಬಿಟ್ ಸೇರಿ ಮಾಡುವ ಗೇಟಿನಲ್ಲಿ (ಗೇಟ್ ಅಂದರೆ ಲೆಕ್ಕದ ಒಂದು ಹೆಜ್ಜೆ) ಒಂದು ಪೆಟ್ಟಿಗೆಯ ಪಲ್ಸ್ 4 ನ್ಯಾನೊಸೆಕೆಂಡ್ ಮೊದಲೇ ಬಂದರೆ, ಇನ್ನೂ ತಿರುಗುತ್ತಿರುವ ಕ್ಯೂಬಿಟ್ಟನ್ನೇ ಹಿಡಿದು ಎಳೆದ ಹಾಗೆ.

ಚಾನೆಲ್ ಲೆಕ್ಕವನ್ನೂ ಹೇಳಿಬಿಡಬೇಕು. ಒಂದೊಂದು ಕ್ಯೂಬಿಟ್ಟಿಗೂ ತಿರುಗಿಸಲು ಒಂದು ತಂತಿ, ಲಯ ಬದಲಿಸಲು ಒಂದು. ಪಕ್ಕದ ಕ್ಯೂಬಿಟ್ಟಿನ ಜೊತೆ ಮಾತಾಡಿಸುವ ಕಪ್ಲರ್‌ಗಳಿಗೆ ಬೇರೆ. ಓದಲು ಕೆಲವಕ್ಕೆ ಸೇರಿ ಒಂದು. ನೂರು ಕ್ಯೂಬಿಟ್ ಆದರೆ ನೂರಾರು ಚಾನೆಲ್. 2023ರ ಡಿಸೆಂಬರಿನಲ್ಲಿ ಐಬಿಎಂ ತೋರಿಸಿದ 1,121 ಕ್ಯೂಬಿಟ್ಟಿನ ಕಾಂಡರ್ ಯಂತ್ರದ ಒಂದೇ ಫ್ರಿಜ್ಜಿನೊಳಗೆ ಒಂದು ಮೈಲಿಗೂ ಜಾಸ್ತಿ ತಂತಿ ಇತ್ತು.

ಎರಡು ಗಡಿಯಾರಗಳ ನಡುವೆ ನಡಿಗೆ

ಒಂದು ರ‍್ಯಾಕ್ ತುಂಬಿ ಎರಡನೆಯದು, ಮೂರನೆಯದು ಬಂದ ಮೇಲೆ ಸಮವನ್ನು ದೂರಕ್ಕೆ ಸಾಗಿಸಬೇಕು. ಅದು ಹೇಗೆ ಅನ್ನುವುದಕ್ಕೆ ಮೈಸೂರಿಗಿಂತ ಒಳ್ಳೇ ಊರಿಲ್ಲ. ನಮ್ಮಲ್ಲಿ ದೊಡ್ಡ ಗಡಿಯಾರ ಇದೆ, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಕಟ್ಟಿದ್ದು. ಅಷ್ಟು ದೂರದಲ್ಲಿ, ದೇವರಾಜ ಮಾರುಕಟ್ಟೆ ಎದುರು, ಚಿಕ್ಕ ಗಡಿಯಾರ ಇದೆ. ಫೋನಿಲ್ಲ, ಕೈಗಡಿಯಾರವೂ ಇಲ್ಲ ಅಂದುಕೊಳ್ಳಿ. ದೊಡ್ಡದನ್ನು ನೋಡಿ ಚಿಕ್ಕದಕ್ಕೆ ಟೈಮ್ ಇಡಬೇಕು. ದೊಡ್ಡ ಗಡಿಯಾರದಲ್ಲಿ ಹತ್ತು ಗಂಟೆ ನೋಡಿಕೊಂಡು, ಕೆ.ಆರ್. ಸರ್ಕಲ್ ದಾಟಿ, ಜನರ ನಡುವೆ ನುಗ್ಗಿ ಹೋಗಿ ಚಿಕ್ಕದಕ್ಕೆ ಹತ್ತು ಅಂತ ಇಟ್ಟರೆ ಅದು ತಪ್ಪು. ನಡೆದು ಬಂದ ಹೊತ್ತು ಲೆಕ್ಕಕ್ಕೆ ಬರಲಿಲ್ಲ. ಆದರೆ ಅಲ್ಲಿ ನಿಲ್ಲದೆ ವಾಪಸ್ಸು ಹೋಗಿ ದೊಡ್ಡ ಗಡಿಯಾರ ಮತ್ತೆ ನೋಡಿದರೆ? ಹತ್ತು ಗಂಟೆ ಹನ್ನೆರಡು ನಿಮಿಷ. ಹೋಗಿ ಬರಲು ಹನ್ನೆರಡು, ಹೋಗಲು ಆರು. ಮುಂದಿನ ಸಲ ಚಿಕ್ಕದಕ್ಕೆ ಆರು ನಿಮಿಷ ಸೇರಿಸಿ ಇಟ್ಟರಾಯಿತು.

ಯುರೋಪಿನ ಸರ್ನ್ ಸಂಸ್ಥೆಯಿಂದ ಶುರುವಾದ ವೈಟ್ ರ‍್ಯಾಬಿಟ್ ಅನ್ನುವ ವ್ಯವಸ್ಥೆ ಮಾಡುವುದು ಇದನ್ನೇ, ಆಪ್ಟಿಕಲ್ ಫೈಬರಿನಲ್ಲಿ. ಸಿಗ್ನಲ್ಲನ್ನು ಕಳಿಸಿ, ವಾಪಸ್ ತರಿಸಿಕೊಂಡು, ಹೋಗಿಬಂದ ಹೊತ್ತನ್ನು ಅಳೆದು, ತಡವನ್ನು ಕಳೆಯುತ್ತದೆ. ಅದೂ ಒಮ್ಮೆ ಅಲ್ಲ, ಸದಾ ಅಳೆಯುತ್ತಲೇ ಇರುತ್ತದೆ. ಹಾಗಾಗಿ ಫೈಬರ್ ಬಿಸಿಯಾಗಿ ಹಿಗ್ಗಿದರೂ ಗೊತ್ತಾಗುತ್ತದೆ. ಕಿಲೋಮೀಟರುಗಟ್ಟಲೆ ದೂರದಲ್ಲೂ ಒಂದು ನ್ಯಾನೊಸೆಕೆಂಡಿಗಿಂತ ಕಮ್ಮಿ ವ್ಯತ್ಯಾಸ ಉಳಿಯುತ್ತದೆ. 2019ರ ಐಇಇಇ 1588 ಮಾನಕದಲ್ಲಿ ಈ ವಿದ್ಯೆಗೆ ಜಾಗ ಸಿಕ್ಕಿತು.

ಇದರ ಹುಳುಕು ಎಲ್ಲಿದೆ ಅಂತ ನಡೆದವರಿಗೆ ಗೊತ್ತು. ಹೋಗುವಾಗ ಮಾರ್ಕೆಟ್ ಗದ್ದಲ, ಬರುವಾಗ ಖಾಲಿ ರಸ್ತೆ ಆದರೆ ‘ಅರ್ಧ’ ಅನ್ನುವ ಲೆಕ್ಕವೇ ಸುಳ್ಳು. ಫೈಬರಿನಲ್ಲೂ ಹೋಗುವ ಬೆಳಕಿನ ಬಣ್ಣ ಬೇರೆ, ಬರುವುದರ ಬಣ್ಣ ಬೇರೆ. ಎರಡರ ವೇಗದಲ್ಲಿ ಚೂರು ವ್ಯತ್ಯಾಸ ಇರುತ್ತದೆ. ಅದನ್ನು ಬೇರೆಯಾಗಿ ಅಳೆದು ತಿದ್ದಬೇಕು. ಒಂದು ರ‍್ಯಾಕಿನೊಳಗೆ ಇಷ್ಟೆಲ್ಲ ಬೇಡ, ನಕ್ಷತ್ರದ ಹಾಗೆ ನಡುವೆ ಒಂದು ಮಾಸ್ಟರ್ ಇಟ್ಟು ಎಲ್ಲ ಕಡೆಗೂ ಸಮನಾದ ಕೇಬಲ್ ಎಳೆದರೆ ನಡೆಯುತ್ತದೆ.

ದೂರ ಅಂದರೆ ಎಷ್ಟು ದೂರ ಅಂತ ಕೇಳಬಹುದು. ಮೈಸೂರು ಅರಮನೆಯ ಮುಂಭಾಗ ಹತ್ತಿರ ಹತ್ತಿರ 75 ಮೀಟರ್. ಭಾನುವಾರ ಸಂಜೆ ಏಳಕ್ಕೆ ದೀಪ ‘ಒಟ್ಟಿಗೆ’ ಹೊತ್ತಿಕೊಳ್ಳುತ್ತದೆ ಅಂತ ನಾವು ಬಾಯಿ ಬಿಟ್ಟು ನೋಡುತ್ತೇವಲ್ಲ, ಈ ತುದಿಯ ದೀಪದ ಬೆಳಕು ಆ ತುದಿಗೆ ತಲುಪಲು 250 ನ್ಯಾನೊಸೆಕೆಂಡ್ ಬೇಕು. ಅಷ್ಟರಲ್ಲಿ ಒಂದು ಕ್ಯೂಬಿಟ್ಟಿನ ಮೇಲೆ ಹತ್ತು ಗೇಟ್ ಮಾಡಿ ಮುಗಿಸಬಹುದು.

ಕಾರ್ಖಾನೆ ಗೇಟಿನ ಸಾಲು

ಇಲ್ಲಿಯವರೆಗೆ ಹೇಳಿದ್ದು ಒಂದೇ ದಿಕ್ಕಿನ ಮಾತು, ಬೋರ್ಡಿನಿಂದ ಕ್ಯೂಬಿಟ್ಟಿಗೆ. ದೋಷ ತಿದ್ದಲು ಹೊರಟರೆ ವಾಪಸ್ ದಾರಿಯೂ ಬೇಕು. ಅಳೆಯಬೇಕು, ಎಲ್ಲಿ ತಪ್ಪಿದೆ ಅಂತ ಕಂಡುಹಿಡಿಯಬೇಕು, ಸರಿಮಾಡಬೇಕು. ಕ್ಯೂಬಿಟ್ಟಿನ ನೆನಪು ಸಾಮಾನ್ಯವಾಗಿ ಹತ್ತಾರು, ನೂರಾರು ಮೈಕ್ರೊಸೆಕೆಂಡ್. ಒಂದು ಮೈಕ್ರೊಸೆಕೆಂಡ್ ಅಂದರೆ ಸಾವಿರ ನ್ಯಾನೊಸೆಕೆಂಡ್.

ಗೂಗಲ್ 2024ರ ಡಿಸೆಂಬರಿನಲ್ಲಿ ತೋರಿಸಿದ ವಿಲ್ಲೋ ಚಿಪ್ಪಿನಲ್ಲಿ 105 ಕ್ಯೂಬಿಟ್ ಇದ್ದವು. ಅದರಲ್ಲಿ ದೋಷ ನೋಡುವ ಒಂದು ಸುತ್ತಿಗೆ 1.1 ಮೈಕ್ರೊಸೆಕೆಂಡ್. ಅದೇ ಪೀಳಿಗೆಯ 72 ಕ್ಯೂಬಿಟ್ಟಿನ ಇನ್ನೊಂದು ಚಿಪ್ಪಿನಲ್ಲಿ, ತಪ್ಪು ಎಲ್ಲಿ ಅಂತ ಹೇಳುವ ಡಿಕೋಡರಿಗೆ ಸರಾಸರಿ 63 ಮೈಕ್ರೊಸೆಕೆಂಡ್ ತಡ. ಮೊದಲ ಓದಿಗೆ ಇದು ಗಾಬರಿ ಹುಟ್ಟಿಸುತ್ತದೆ. ಸುತ್ತು ಒಂದು ಮೈಕ್ರೊಸೆಕೆಂಡಿಗೆ, ಉತ್ತರ ಅರವತ್ತಮೂರಕ್ಕಾ?

ಮಂಡ್ಯದವರಿಗೆ ಗಾಬರಿ ಆಗಬೇಕಿಲ್ಲ. ಅರೆಯುವ ಕಾಲದಲ್ಲಿ ಸಕ್ಕರೆ ಕಾರ್ಖಾನೆ ಗೇಟಿನ ಹೊರಗೆ ಕಬ್ಬಿನ ಗಾಡಿ, ಟ್ರ್ಯಾಕ್ಟರ್ ಸಾಲು ನಿಲ್ಲುವುದನ್ನು ನೋಡಿಯೇ ಬೆಳೆದವರು. ನಿಮ್ಮ ಟ್ರ್ಯಾಕ್ಟರ್ ಎಂಟು ಗಂಟೆ ಕಾಯಬೇಕು ಅನ್ನುವುದು ಒಂದು ವಿಷಯ. ದಿನಕ್ಕೆ ಬರುವ ಕಬ್ಬನ್ನು ಅಂದಂದೇ ಅರೆಯಲು ಆಗುತ್ತಿದೆಯಾ ಅನ್ನುವುದು ಬೇರೆ ವಿಷಯ. ಬಂದಷ್ಟೂ ಅರೆದರೆ ಸಾಲು ಉದ್ದವೇ ಇರಲಿ, ಬೆಳೆಯುವುದಿಲ್ಲ. ಚೂರೇ ಚೂರು ಕಮ್ಮಿ ಅರೆದರೂ ಸಾಲು ದಿನದಿನಕ್ಕೆ ಬೆಳೆದು ರಸ್ತೆಗೆ ಬರುತ್ತದೆ, ಕಬ್ಬು ನಿಂತಲ್ಲೇ ಒಣಗುತ್ತದೆ. ವಿಲ್ಲೋದಲ್ಲಿ ತಡ 63 ಇದ್ದರೂ ಹತ್ತು ಲಕ್ಷ ಸುತ್ತಿನವರೆಗೆ ಸಾಲು ಬೆಳೆಯಲಿಲ್ಲ. ಸಾಧನೆ ಅದು. ಈ ಓಟದಲ್ಲಿ ನೂರಾರು ಚಾನೆಲ್ಲಿನ ಅಳತೆಗಳು ಒಂದೇ ಸುತ್ತಿನವು ಅಂತ ಗುರುತಿಸುವುದು ಹೇಗೆ? ಮತ್ತೆ ಅದೇ ಸಮ. ಒಂದು ಬೋರ್ಡ್ ಒಂದು ಸುತ್ತು ಹಿಂದೆ ಬಿದ್ದರೆ ಡಿಕೋಡರ್ ನಿನ್ನೆಯ ತಪ್ಪಿಗೆ ಇವತ್ತು ಔಷಧಿ ಕೊಡುತ್ತದೆ.

ಅಯಾನುಗಳನ್ನು ಹಿಡಿದಿಟ್ಟು ಮಾಡುವ ಯಂತ್ರಗಳಲ್ಲಿ ಅವಸರ ಕಮ್ಮಿ. ಗೇಟಿಗೆ ಮೈಕ್ರೊಸೆಕೆಂಡುಗಳು, ನೆನಪು ಸೆಕೆಂಡುಗಟ್ಟಲೆ. ಅಲ್ಲಿ ಲೇಸರ್‌ಗಳನ್ನು ಪಳಗಿಸುವ ತಲೆನೋವು ಬೇರೆ, ಅದು ಇನ್ನೊಂದು ದಿನಕ್ಕಿರಲಿ.

ಬೋರ್ಡ್ ಯಾರದು?

ಇಂಥ ರ‍್ಯಾಕುಗಳನ್ನು ಮಾರುವ ಕಂಪನಿಗಳು ಬೆರಳೆಣಿಕೆಯಷ್ಟು. ಸ್ವಿಟ್ಜರ್‌ಲೆಂಡಿನ ಜೂರಿಕ್ ಇನ್‌ಸ್ಟ್ರುಮೆಂಟ್ಸ್, ಇಸ್ರೇಲಿನ ಕ್ವಾಂಟಮ್ ಮೆಷೀನ್ಸ್, ನೆದರ್‌ಲೆಂಡ್ಸಿನ ಕ್ಯೂಬ್ಲಾಕ್ಸ್, ಅಮೆರಿಕದ ಕೀಸೈಟ್. ಒಬ್ಬೊಬ್ಬರದೂ ಸಿಂಕ್ರೊನೈಸೇಷನ್ನಿಗೆ ತಮ್ಮದೇ ಪದ್ಧತಿ. ಒಬ್ಬರ ಪೆಟ್ಟಿಗೆಯನ್ನು ಇನ್ನೊಬ್ಬರದರ ಜೊತೆ ಕೂರಿಸಹೊರಟರೆ ನನ್ನ ಕೆಂಪು ಟೇಪಿನ ಕೇಬಲ್ ನೆನಪಾಗುತ್ತದೆ.

ಇನ್ನೊಂದು ದಾರಿಯೂ ಇದೆ. ಅಮೆರಿಕದ ಫರ್ಮಿಲ್ಯಾಬ್ 2021ರಲ್ಲಿ ಕ್ವಿಕ್ ಅನ್ನುವ ಮುಕ್ತ ವ್ಯವಸ್ಥೆಯನ್ನು ಎಲ್ಲರ ಮುಂದಿಟ್ಟಿತು. ಅಂಗಡಿಯಲ್ಲಿ ಸಿಗುವ ಆರ್‌ಎಫ್‌ಎಸ್‌ಒಸಿ ಬೋರ್ಡ್ ತಂದು ಅದರಲ್ಲೇ ಕ್ಯೂಬಿಟ್ ನಡೆಸುವ ವಿಧಾನ ಅದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇಂಥದೇ ಬೋರ್ಡಿನ ಮೇಲೆ ಎಸ್‌ಕ್ಯೂ-ಕಾರ್ಸ್ ಅನ್ನುವ ಕಂಟ್ರೋಲ್ ವ್ಯವಸ್ಥೆ ಕಟ್ಟಿ 2023ರಲ್ಲಿ ಪ್ರಕಟಿಸಿದರು. ಚಾನೆಲ್ಲುಗಳ ನಡುವೆ ಫೇಸ್, ಅಂದರೆ ಅಲೆಯ ಹಂತ, ಹೊಂದಿಸುವುದು ಅದರ ಮುಖ್ಯ ಅಂಶಗಳಲ್ಲಿ ಒಂದು. ಪುಣೆಯವರ 6 ಕ್ಯೂಬಿಟ್ಟಿನ ಯಂತ್ರಕ್ಕೂ ಕಂಟ್ರೋಲ್ ಭಾಗ ಹೀಗೇ ಆದದ್ದು: ಕೊಂಡು ತಂದ ಉಪಕರಣ ಒಂದಷ್ಟು, ತಾವೇ ಪ್ರೋಗ್ರಾಮ್ ಮಾಡಿದ ಡೆವಲಪ್‌ಮೆಂಟ್ ಬೋರ್ಡ್ ಒಂದಷ್ಟು. ಸುದ್ದಿಯಲ್ಲಿ ಉಳಿದದ್ದು ‘6’ ಮಾತ್ರ.

ಮೈಸೂರಿನಲ್ಲಿ ಬೋರ್ಡ್ ಕಟ್ಟುವ ಕೈಗಳಿಗೆ ಬರ ಇಲ್ಲ. 1988ರಲ್ಲಿ ಶುರುವಾದ ಕೇನ್ಸ್ ಟೆಕ್ನಾಲಜಿ ಇಲ್ಲಿಯದೇ. ಹೆಬ್ಬಾಳ, ಹೂಟಗಳ್ಳಿ ಸುತ್ತ ಚಿಕ್ಕಪುಟ್ಟ ಘಟಕಗಳು ಎಷ್ಟೋ ಇವೆ. ಹಾಗಂತ ‘ನಾಳೆಯಿಂದ ಮೈಸೂರೇ ಕ್ವಾಂಟಮ್ ರಾಜಧಾನಿ’ ಅಂತ ಸುಮ್ನೆ ಬರೆಯಲು ನನಗೆ ಮನಸ್ಸಿಲ್ಲ. ಕೊಟ್ಟ ನಕ್ಷೆಗೆ ಬೋರ್ಡ್ ಬೆಸೆದು ಟೆಸ್ಟ್ ಮಾಡಿ ಕಳಿಸುವುದು ಒಂದು ಕಸುಬು. ಕ್ಲಾಕ್ ಎಲ್ಲಿಂದ ಹೊರಟು ಎಲ್ಲೆಲ್ಲಿ ಕವಲೊಡೆದು ಎಷ್ಟು ಪಿಕೊಸೆಕೆಂಡಿಗೆ ತಲುಪಬೇಕು ಅಂತ ನಕ್ಷೆ ಬರೆಯುವುದು ಇನ್ನೊಂದು. ನಾವು ಮೊದಲನೆಯದರಲ್ಲಿ ಪಳಗಿದ್ದೇವೆ. ಎರಡನೆಯದಕ್ಕೆ ಹೊಸ ಕಟ್ಟಡ ಬೇಡ. ಒಳ್ಳೇ ಸ್ಕೋಪು, ಒಳ್ಳೇ ಗಡಿಯಾರ, ಮತ್ತೆ ಮತ್ತೆ ಅಳೆಯುವ ತಾಳ್ಮೆ ಬೇಕು. ಸಾವಿರ ಕೋಟಿಯಲ್ಲಿ ಒಂದು ಪಾಲು ನಾಲ್ಕಾರು ಕಾಲೇಜುಗಳ ಬೆಂಚಿಗೆ ಬಂದರೆ ಹೆಸರಘಟ್ಟದ ಗೋಡೆಗಳಿಗಿಂತ ಹೆಚ್ಚು ಕೆಲಸ ಆಗುತ್ತದೆ ಅನ್ನುವುದು ನನ್ನ ಅನಿಸಿಕೆ. ಒಪ್ಪದವರು ಇದ್ದಾರೆ, ಇರಲಿ.

‘ಒಂದು ನ್ಯಾನೊಸೆಕೆಂಡಿಗಿಂತ ಕಮ್ಮಿ’ ಅಂತ ಕ್ಯಾಟಲಾಗಿನಲ್ಲಿ ಕಂಡರೆ ಕೇಳಬೇಕಾದ ಪ್ರಶ್ನೆ ಒಂದಿದೆ. ಅದು ಸ್ಕ್ಯೂವಾ, ಜಿಟ್ಟರಾ, ಅಥವಾ ಪವರ್ ತೆಗೆದು ಹಾಕಿದ ಮೇಲೆ ಉಳಿಯುವ ವ್ಯತ್ಯಾಸವಾ? ಮೂರನೆಯದಕ್ಕೆ ನೇರ ಉತ್ತರ ಬರದಿದ್ದರೆ ನಾನಾದರೆ ಆ ಪೆಟ್ಟಿಗೆ ಕೊಳ್ಳುವುದಿಲ್ಲ.

ಕಳೆದ ಸೆಮಿಸ್ಟರಿನಲ್ಲಿ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ‘ಸರ್, ಕ್ವಾಂಟಮ್ಮಿನಲ್ಲಿ ಪ್ರಾಜೆಕ್ಟ್ ಮಾಡಬೇಕು’ ಅಂದರು. ಕ್ಯೂಬಿಟ್ ಎಲ್ಲಿಂದ ತರಲಿ? ಎರಡು ಹಳೇ ಬೋರ್ಡ್, ಒಂದು 10 ಮೆಗಾಹರ್ಟ್ಜ್ ಸೋರ್ಸ್ ಕೊಟ್ಟೆ. ‘ನೂರು ಸಲ ಆಫ್ ಮಾಡಿ ಆನ್ ಮಾಡಿ. ಪ್ರತಿ ಸಲ ಎರಡು ಔಟ್‌ಪುಟ್ಟಿನ ನಡುವೆ ಎಷ್ಟು ಸಂದು ಅಂತ ಬರೆದಿಟ್ಟುಕೊಳ್ಳಿ’ ಅಂದೆ. ಇಬ್ಬರ ಮುಖವೂ ಸಪ್ಪಗಾಯಿತು. ಮೊದಲ ವಾರ ತಂದ ಕಾಗದದಲ್ಲಿ ಸಂದು ನಾಲ್ಕೇ ನಾಲ್ಕು ಜಾಗದಲ್ಲಿ ಬಿದ್ದಿತ್ತು, ಒಂದೊಂದು ನ್ಯಾನೊಸೆಕೆಂಡ್ ಅಂತರದಲ್ಲಿ. ನಾಲ್ಕೇ ಯಾಕೆ ಅಂತ ಅವರೇ ಕಂಡುಕೊಂಡರು. ಆಮೇಲೆ ಸಿಸ್‌ರೆಫ್ ಎಳೆದರು, ಕೋಡ್ ತಿದ್ದಿದರು, ಮತ್ತೆ ನೂರು ಸಲ ಶುರು ಮಾಡಿದರು.

ಒಂದು ರಾತ್ರಿ ಹತ್ತೂವರೆಗೆ ಫೋನ್ ಬಂತು. ‘ಸರ್, ಅರವತ್ತಾರು ಸಲ ಒಂದೇ ಜಾಗಕ್ಕೆ ಬಂತು. ಅರವತ್ತೇಳನೇದು ಬೇರೆ ಕಡೆ ಹೋಯ್ತು.’

‘ಬಸ್ ಹೊರಡೋ ಹೊತ್ತಿಗೇ ಬರ್ತಿದೆ ನಿಮ್ಮ ಸಿಸ್‌ರೆಫ್. ಕೇಬಲ್ ಎಷ್ಟುದ್ದ ಇದೆ?’ ಅಂದೆ.

‘ಅಳೆದಿಲ್ಲ ಸರ್. ನಿಮ್ಮ ಮೊಳೆಯಿಂದ ಒಂದು ತಗೊಂಡಿದ್ವಿ, ಕೆಂಪು ಟೇಪ್ ಇತ್ತಲ್ಲ, ಅದು.’